ನೀರಿನ ಕೊರತೆ ಅಳೆಯುವುದು ಹೇಗೆ? ದಾವಣಗೆರೆ, ಚಿತ್ರದುರ್ಗ, ನಮ್ಮ ಎರಡು ಜಿಲ್ಲೆಗಳ ಲೆಕ್ಕ ಇಲ್ಲಿ ಹಾಕಿ

ಭೂಗೋಳ ಮೇಷ್ಟ್ರು, ದಾವಣಗೆರೆ

ದಾವಣಗೆರೆ ಜಿಲ್ಲೆಯಲ್ಲಿ ನೀರಿಗೆ ಕೊರತೆ ಇದೆಯಾ? ಭದ್ರಾ ನಾಲೆ ತುಂಬಿ ಹರಿಯುವಾಗ ಮಲೇಬೆನ್ನೂರಿನಲ್ಲಿ ಕೇಳಿದರೆ ಗದ್ದೆ ತೋರಿಸುತ್ತಾರೆ. ಬೇಸಿಗೆಯಲ್ಲಿ ಜಗಳೂರಿನಲ್ಲಿ ಕೇಳಿದರೆ ಟ್ಯಾಂಕರ್ ತೋರಿಸುತ್ತಾರೆ. ಎರಡನ್ನೂ ಕೂಡಿಸಿ ಜಿಲ್ಲೆಗೆ ಒಂದು ಸರಾಸರಿ ಬರೆದರೆ ಆ ಅಂಕಿ ಯಾವ ಊರಿಗೂ ಸೇರುವುದಿಲ್ಲ. ಹಾಗಾದರೆ ಕೊರತೆಯನ್ನು ಯಾವುದರಿಂದ ಅಳೆಯಬೇಕು? ಪಾಠ ಮಾಡುವಾಗ ನನಗೆ ಇದೇ ತೊಡಕು. ಗೊತ್ತಿರುವಷ್ಟು ನಾನು ಶುರು ಮಾಡುತ್ತೇನೆ. ಉಳಿದದ್ದು ನೀವು ಸೇರಿಸಿ.

ಪುಸ್ತಕಗಳಲ್ಲಿ ಮೊದಲು ಸಿಗುವ ಅಳತೆ ಸ್ವೀಡನ್ನಿನ ಜಲವಿಜ್ಞಾನಿ ಮಾಲಿನ್ ಫಾಲ್ಕನ್‌ಮಾರ್ಕ್ ಅವರದ್ದು. 1989ರದ್ದು. ಒಂದು ದೇಶದಲ್ಲಿ ವರ್ಷಕ್ಕೆ ನದಿಗೆ, ಅಂತರ್ಜಲಕ್ಕೆ ಹೊಸದಾಗಿ ಸೇರುವ ನೀರನ್ನು ಜನಸಂಖ್ಯೆಯಿಂದ ಭಾಗಿಸಬೇಕು. ತಲೆಗೆ 1,700 ಘನ ಮೀಟರ್‌ಗಿಂತ ಕಡಿಮೆ ಬಂದರೆ ನೀರಿನ ಒತ್ತಡ. 1,000ಕ್ಕಿಂತ ಕಡಿಮೆ ಆದರೆ ಕೊರತೆ. 500ರ ಕೆಳಗೆ ಹೋದರೆ ತೀರಾ ಕೊರತೆ. ಅವರು ಮೊದಲು ಲೆಕ್ಕ ಹಾಕಿದ್ದು ಇನ್ನೊಂದು ತುದಿಯಿಂದ. ಹತ್ತು ಲಕ್ಷ ಘನ ಮೀಟರ್ ನೀರನ್ನು ಎಷ್ಟು ಜನ ಹಂಚಿಕೊಳ್ಳುತ್ತಾರೆ ಅಂತ. 600 ಜನ ದಾಟಿದರೆ ಒತ್ತಡ, 1,000 ದಾಟಿದರೆ ಕೊರತೆ. ಹತ್ತು ಲಕ್ಷವನ್ನು 600ರಿಂದ ಭಾಗಿಸಿ ನೋಡಿ, 1,667 ಬರುತ್ತದೆ. ಅದನ್ನೇ ದುಂಡಗೆ 1,700 ಅನ್ನುತ್ತೇವೆ.

1,700 ಘನ ಮೀಟರ್ ಅಂದರೆ ದಿನಕ್ಕೆ ಸುಮಾರು 4,650 ಲೀಟರ್. ಅಷ್ಟು ಯಾರು ಬಳಸುತ್ತಾರೆ ಅಂತ ಮಕ್ಕಳು ಕೇಳುತ್ತಾರೆ. ಕುಡಿಯುವುದು, ಸ್ನಾನ, ಬಟ್ಟೆ ಒಗೆಯುವುದು ಅದರಲ್ಲಿ ಒಂದು ಚೂರು ಅಷ್ಟೇ. ದೊಡ್ಡ ಪಾಲು ನಾವು ಉಣ್ಣುವ ಅನ್ನಕ್ಕೆ, ಉಡುವ ಹತ್ತಿಗೆ, ಉರಿಸುವ ಕರೆಂಟಿಗೆ ಹೋಗುತ್ತದೆ. ಭಾರತದಲ್ಲಿ ವರ್ಷಕ್ಕೆ ತಲೆಗೆ 1951ರಲ್ಲಿ 5,177 ಘನ ಮೀಟರ್ ಇತ್ತು. 2011ಕ್ಕೆ 1,545ಕ್ಕೆ ಇಳಿಯಿತು. 2021ಕ್ಕೆ 1,486 ಅಂತ ಅಂದಾಜು. ಇಷ್ಟು ಇಳಿಯೋಕೆ ಮುಖ್ಯ ಕಾರಣ ಮಳೆ ಅಲ್ಲ, ಜನ ಜಾಸ್ತಿ ಆದದ್ದು.

ವೇದಾವತಿ ದಂಡೆ, ಹಿರಿಯೂರು

ಮೇಷ್ಟ್ರೇ, ಆ ಸೂತ್ರವನ್ನು ನಮ್ಮ ಮಾರಿಕಣಿವೆ ಡ್ಯಾಂಗೆ ಹಾಕಿ ನೋಡಿದೆ. ವಾಣಿವಿಲಾಸ ಸಾಗರ ಅನ್ನುವುದೂ ಇದನ್ನೇ, ತುಂಬಿದರೆ 30 ಟಿಎಂಸಿ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಮೀಟರ್ ಲೆಕ್ಕದಲ್ಲಿ 2.83 ಕೋಟಿ ಘನ ಮೀಟರ್. ಅಲ್ಲಿಗೆ 30 ಟಿಎಂಸಿ ಸುಮಾರು 85 ಕೋಟಿ. 2011ರ ಜನಗಣತಿ ಪ್ರಕಾರ ಚಿತ್ರದುರ್ಗ ಜಿಲ್ಲೆಯ ಜನ 16.6 ಲಕ್ಷ. ಭಾಗಿಸಿದರೆ ತಲೆಗೆ 512 ಘನ ಮೀಟರ್. ತೀರಾ ಕೊರತೆಯ ಗೆರೆಗಿಂತ ಒಂಚೂರು ಮೇಲೆ. ಒಂದೇ ಡ್ಯಾಂ ಇಷ್ಟು ಕೊಡುತ್ತಲ್ಲ, ಪರವಾಗಿಲ್ಲ ಅನ್ನಿಸುತ್ತದೆ.

ಈಗ ಅದರ ಚರಿತ್ರೆ ನೋಡಿ. ಕಟ್ಟಿ ಮುಗಿದದ್ದು 1907ರಲ್ಲಿ. 130 ಅಡಿ ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ಮತ್ತೆ ಕೋಡಿ ಬೀಳೋಕೆ 2022 ಬರಬೇಕಾಯಿತು. ನಡುವೆ 89 ವರ್ಷ. ಆಮೇಲೆ 2025ರ ಜನವರಿಯಲ್ಲಿ ತುಂಬಿತು. ನಮ್ಮ ಅಪ್ಪನ ಕಾಲದವರು ಎಷ್ಟೋ ಜನ ಕೋಡಿ ನೀರು ಕಣ್ಣಲ್ಲಿ ನೋಡದೆ ಹೋದರು. 30 ಟಿಎಂಸಿ ಅನ್ನುವುದು ಕಲ್ಲು ಗಾರೆಯ ಅಳತೆ, ನೀರಿನ ಅಳತೆ ಅಲ್ಲ. ಪೇಪರಿನಲ್ಲಿ ಸಾಮರ್ಥ್ಯ ಓದಿ ಜಿಲ್ಲೆ ನೀರಾವರಿ ಆಯಿತು ಅನ್ನುವವರನ್ನು ಕಂಡರೆ ನನಗೆ ಸಂಕಟ ಆಗುತ್ತದೆ.

ಇನ್ನೂ ಒಂದು ಮಾತು. ಈಚಿನ ವರ್ಷಗಳಲ್ಲಿ ಭದ್ರೆಯಿಂದ ಎತ್ತಿದ ನೀರೂ ಇಲ್ಲಿಗೆ ಬರುತ್ತಿದೆ. ಭದ್ರಾ ಡ್ಯಾಂ ಇರುವ ಲಕ್ಕವಳ್ಳಿಯಲ್ಲಿ ಒಮ್ಮೆ ಎಣಿಸಿದ ನೀರನ್ನು ಇಲ್ಲಿ ಮತ್ತೊಮ್ಮೆ ಎಣಿಸಬಾರದು ಅಲ್ವಾ?

ನಾಲೆ ಕೊನೆ, ಮಲೇಬೆನ್ನೂರು

ನಮ್ಮ ಹೆಸರು ತೆಗೆದದ್ದಕ್ಕೆ ಬರೆಯುತ್ತಿದ್ದೇನೆ. ಭದ್ರಾ ಡ್ಯಾಂ 186 ಅಡಿ, 71.5 ಟಿಎಂಸಿ. ಜುಲೈ ಬಂದರೆ ಇಲ್ಲಿ ಎಲ್ಲರ ಬಾಯಲ್ಲೂ ಅದೇ, "ಇವತ್ತು ಎಷ್ಟು ಅಡಿ?" ಆದರೆ ಡ್ಯಾಂ ಮಟ್ಟ ನೋಡಿ ಕೊನೆಭಾಗದ ರೈತನ ಗತಿ ಹೇಳೋಕೆ ಆಗಲ್ಲ. ನಾಲೆ ಉದ್ದಕ್ಕೂ ಪಂಪ್‌ಸೆಟ್ ಇಟ್ಟು ಎತ್ತುತ್ತಾರೆ. ಒಡ್ಡು ಕಿತ್ತಿರುತ್ತದೆ, ಹೂಳು ತುಂಬಿರುತ್ತದೆ. ಡ್ಯಾಂ ತುಂಬಿದ ವರ್ಷವೂ ನಮ್ಮ ತೂಬಿನಲ್ಲಿ ನೀರು ಪಾದ ಮುಳುಗುವಷ್ಟು ಬರುತ್ತದೆ, ಅದೂ ಸರದಿ ಮೇಲೆ. 2023ರಲ್ಲಿ ಮಳೆ ಕೈಕೊಟ್ಟಾಗ ನೀರಿಗಾಗಿ ದಾವಣಗೆರೆಯಲ್ಲಿ ರೈತರು ಬೀದಿಗೆ ಇಳಿದದ್ದು ಸುಮ್ಮನೆ ಅಲ್ಲ.

ನನ್ನ ಕೇಳಿಕೆ ಇಷ್ಟು. ಟಿಎಂಸಿಯನ್ನು ಡ್ಯಾಂ ಹತ್ತಿರ ಅಳೆಯಿರಿ, ಬೇಡ ಅನ್ನಲ್ಲ. ಕ್ಯುಸೆಕ್ ಅನ್ನು, ಅಂದರೆ ಸೆಕೆಂಡಿಗೆ ಎಷ್ಟು ಘನ ಅಡಿ ಹರಿಯುತ್ತದೆ ಅನ್ನುವುದನ್ನು, ತೂಬಿನ ಹತ್ತಿರವೂ ಅಳೆಯಿರಿ. 11,574 ಕ್ಯುಸೆಕ್ ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ ಖರ್ಚು. ಆ ಖರ್ಚಿನಲ್ಲಿ ಕೊನೆಯ ತೂಬಿಗೆ ಎಷ್ಟು ತಲುಪಿತು ಅಂತ ಬರೆದ ಪುಸ್ತಕ ಎಲ್ಲಿದೆ?

ನೀರಗಂಟಿ ಮೊಮ್ಮಗಳು

ನಾನು ಅಂತರ್ಜಲದ ಕೆಲಸದಲ್ಲಿ ಇರುವವಳು. ಊರು ಹೊಸದುರ್ಗ ಕಡೆ. ನಾಲೆ ಕೊನೆಯವರು ಹೇಳಿದ್ದು ದೊಡ್ಡ ವಿಷಯ. ನೀರು ಇದೆ, ಆದರೆ ತಲುಪಿಸುವ ವ್ಯವಸ್ಥೆ, ದುಡ್ಡು, ಆಡಳಿತ ಇಲ್ಲ. ಇದನ್ನು ಆರ್ಥಿಕ ಕೊರತೆ ಅನ್ನುತ್ತಾರೆ. ನೀರೇ ಇಲ್ಲದಿದ್ದರೆ ಭೌತಿಕ ಕೊರತೆ. ಅಂತರರಾಷ್ಟ್ರೀಯ ನೀರು ನಿರ್ವಹಣಾ ಸಂಸ್ಥೆ ಈ ಎರಡನ್ನೂ ಬೇರೆ ಬೇರೆ ಬಣ್ಣದಲ್ಲಿ ನಕ್ಷೆ ಮಾಡಿತು. ಮದ್ದು ಬೇರೆ ಬೇರೆ ಆದ್ದರಿಂದ ಹೀಗೆ ಬಿಡಿಸಿ ನೋಡುವುದು ಮುಖ್ಯ. ನಿಮ್ಮ ತೂಬಿಗೆ ಬೇಕಾದದ್ದು ನಾಲೆ ರಿಪೇರಿ, ಸರದಿಯ ಶಿಸ್ತು. ಚಳ್ಳಕೆರೆಗೆ ಅದರಿಂದ ಏನೂ ಆಗುವುದಿಲ್ಲ.

ಮೇಷ್ಟ್ರು ಹೇಳಿದ ತಲಾ ಲೆಕ್ಕದಲ್ಲಿ ಬಳಕೆಯೇ ಬರುವುದಿಲ್ಲ. ಅದಕ್ಕೇ ಇನ್ನೊಂದು ಅಳತೆ ಬಂತು. ಸಿಗುವ ನೀರಿನಲ್ಲಿ ನೂರಕ್ಕೆ ಎಷ್ಟು ಪಾಲು ಎತ್ತುತ್ತಿದ್ದೇವೆ ಅನ್ನುವುದು. ಹಳೆಯ ರೂಢಿಯಲ್ಲಿ 40 ದಾಟಿದರೆ ತೀವ್ರ ಒತ್ತಡ. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲೂ ಇದೇ ಇದೆ, ಆದರೆ ಅಲ್ಲಿ ಭಾಗಿಸುವ ಮೊದಲು ನದಿ ಬದುಕೋಕೆ ಬೇಕಾದ ನೀರನ್ನು ತೆಗೆದಿಡುತ್ತಾರೆ. 25 ದಾಟಿದರೆ ಒತ್ತಡ ಶುರು, 100 ದಾಟಿದರೆ ವಿಷಮ. ಆ ತೆಗೆದಿಡುವ ಮಾತು ನನಗೆ ತುಂಬಾ ಮುಖ್ಯ. ಏಪ್ರಿಲ್‌ನಲ್ಲಿ ಹರಿಹರದ ಸೇತುವೆ ಮೇಲೆ ನಿಂತು ತುಂಗಭದ್ರೆಯನ್ನು ನೋಡಿದವರಿಗೆ ನಾನು ವಿವರಿಸಬೇಕಾಗಿಲ್ಲ.

ಅಂತರ್ಜಲಕ್ಕೂ ಹೀಗೇ. ಮಳೆಯಿಂದ, ಕೆರೆಯಿಂದ, ನಾಲೆಯಿಂದ ಎಷ್ಟು ಇಂಗುತ್ತದೆ ಅಂತ ತಾಲ್ಲೂಕುವಾರು ಲೆಕ್ಕ ಹಾಕುತ್ತಾರೆ. ಅದರಲ್ಲಿ ಬೋರು, ಬಾವಿಗಳಿಂದ ಎಷ್ಟು ಎತ್ತುತ್ತೇವೆ ಅಂತ ನೋಡುತ್ತಾರೆ. 70ರ ವರೆಗೆ ಸುರಕ್ಷಿತ. 90ರ ವರೆಗೆ ಅರೆ ಗಂಭೀರ. 100ರ ವರೆಗೆ ಗಂಭೀರ. ಅದನ್ನೂ ದಾಟಿದರೆ ಅತಿ ಬಳಕೆ. ಚಿತ್ರದುರ್ಗದ ಹೆಚ್ಚಿನ ತಾಲ್ಲೂಕುಗಳು ಅತಿ ಬಳಕೆಯಲ್ಲಿವೆ. ನಾಲೆ ಇರುವ ಕಡೆ ಗದ್ದೆಯ ನೀರು ಇಂಗಿ ಬಾವಿಗೆ ಬರುತ್ತದೆ, ಅದು ಜಮಾ ಆಗುತ್ತದೆ. ನಮ್ಮಲ್ಲಿ ಜಮಾ ಬರೀ ಮಳೆಯದ್ದು.

ಶೇಂಗಾ ಹೊಲ, ಚಳ್ಳಕೆರೆ

ನೂರಕ್ಕಿಂತ ಜಾಸ್ತಿ ಎತ್ತೋಕೆ ಹೇಗೆ ಸಾಧ್ಯ? ಇಲ್ಲದ ನೀರನ್ನು ಎಲ್ಲಿಂದ ತೆಗೆಯುತ್ತೇವೆ?

ನೀರಗಂಟಿ ಮೊಮ್ಮಗಳು

ಹಳೆಯ ನೀರನ್ನು. ನೂರು ಅನ್ನುವುದು ಈ ವರ್ಷ ಇಂಗಿದ ನೀರು. ಅದು ಮುಗಿದ ಮೇಲೆ ಬರುವುದು ಹಿಂದಿನ ವರ್ಷಗಳಲ್ಲಿ ಬಂಡೆಯ ಬಿರುಕಿನಲ್ಲಿ ನಿಂತದ್ದು. ನಮ್ಮದು ಗಟ್ಟಿ ಕಲ್ಲಿನ ನೆಲ. ಮೇಲಿನ ಕೊಳೆತ ಕಲ್ಲಿನ ಪದರದಲ್ಲಿ ಒಂದಿಷ್ಟು ನೀರು ಹಿಡಿಯುತ್ತದೆ. ಅದೂ ಆ ಪದರದ ಗಾತ್ರದಲ್ಲಿ ನೂರಕ್ಕೆ ಎರಡೋ ಮೂರೋ ಪಾಲು ಮಾತ್ರ ನಮಗೆ ಬಿಟ್ಟುಕೊಡುತ್ತದೆ. ಕೆಳಗೆ ಬರೀ ಬಿರುಕು. ಅಲ್ಲಿ ನೀರು ಸಿಕ್ಕರೂ ಅದು ಎಷ್ಟು ದಿನಕ್ಕೆ ಅನ್ನುವುದು ಬೇರೆ ಪ್ರಶ್ನೆ.

ಶೇಂಗಾ ಹೊಲ, ಚಳ್ಳಕೆರೆ

ಈಗ ಅರ್ಥ ಆಯಿತು. ನಮ್ಮಲ್ಲಿ ಬೋರು ಕೊರೆದಾಗ ಲಾರಿಯವರು ಒಂದು ಅಳತೆ ಹೇಳುತ್ತಾರೆ. ಕೊರೆದ ಗುಂಡಿಯಿಂದ ಗಾಳಿ ಊದಿ ನೀರು ಹೊರಗೆ ತಳ್ಳುತ್ತಾರೆ. ಮಣ್ಣಲ್ಲಿ ಒಂದು ಕಾಲುವೆ ತೋಡಿ, ಅಡ್ಡಲಾಗಿ ತಗಡಿನ ಹಲಗೆ ನಿಲ್ಲಿಸುತ್ತಾರೆ. ಹಲಗೆಯ ನಡುವೆ ಇಂಗ್ಲಿಷಿನ ವಿ ಅಕ್ಷರದ ಹಾಗೆ ಕತ್ತರಿಸಿರುತ್ತದೆ. ಬೂದಿ ಬಣ್ಣದ ನೀರು ಅದರಲ್ಲಿ ಹಾದು ಹೋಗುವಾಗ ಎಷ್ಟು ಎತ್ತರ ಇದೆ ಅಂತ ನೋಡಿ "ಎರಡಿಂಚು ಬಂತು" ಅನ್ನುತ್ತಾರೆ. ಅಷ್ಟು ಕೇಳಿದ ತಕ್ಷಣ ಮನೆಯವರು ಕಾಯಿ ಒಡೆಯುತ್ತಾರೆ, ಮೋಟಾರಿಗೆ ಸಾಲ ತೆಗೆಯುತ್ತಾರೆ. ಬೇಸಿಗೆಗೆ ಅದೇ ಬೋರು ಗಾಳಿ ಉಗುಳುತ್ತದೆ. ನಮ್ಮ ಬೀದಿಯಲ್ಲಿ ಇದು ಆಗದ ಮನೆ ಇಲ್ಲ.

ನೀರಗಂಟಿ ಮೊಮ್ಮಗಳು

ಆ ಇಂಚಿನ ಬಗ್ಗೆ ಎಲ್ಲ ರೈತರೂ ತಿಳಿಯಬೇಕಾದ ಎರಡು ವಿಷಯ ಇವೆ.

ಎರಡಿಂಚು ಅಂದರೆ ಒಂದಿಂಚಿನ ಎರಡು ಪಟ್ಟು ನೀರು ಅಲ್ಲ. ಹಲಗೆಯ ಆ ವಿ ಆಕಾರದ ಸೀಳಿನಲ್ಲಿ ನೀರು ಮೇಲೇರಿದಂತೆ ಅಗಲವೂ ಜಾಸ್ತಿ ಆಗುತ್ತದೆ, ವೇಗವೂ ಜಾಸ್ತಿ ಆಗುತ್ತದೆ. ಸೀಳು 90 ಡಿಗ್ರಿ ಇದ್ದರೆ ಒಂದಿಂಚು ಅಂದರೆ ಗಂಟೆಗೆ ಸುಮಾರು 500 ಲೀಟರ್. ಎರಡಿಂಚು ಅಂದರೆ ಸುಮಾರು 2,900 ಲೀಟರ್. ಹೆಚ್ಚು ಕಡಿಮೆ ಐದೂವರೆ ಪಟ್ಟು. ಆದ್ದರಿಂದ ಅರ್ಧ ಇಂಚು ಹೆಚ್ಚಿಸಿ ಹೇಳಿದರೂ ಲೆಕ್ಕ ಪೂರ್ತಿ ಬುಡಮೇಲು. ಹಲಗೆ ವಾಲಿದ್ದರೂ, ಹಿಂದೆ ನೀರು ನಿಲ್ಲೋಕೆ ಜಾಗ ಇಲ್ಲದಿದ್ದರೂ ಅಂಕಿ ಕೆಡುತ್ತದೆ.

ಎರಡನೆಯದು, ಅದು ಆ ಗಳಿಗೆಯ ಅಳತೆ. ಬಿರುಕಿನಲ್ಲಿ ಕೂಡಿಟ್ಟ ನೀರು ಒಮ್ಮೆಲೇ ಹೊರಬರುತ್ತದೆ. ದಿನವೂ ಎತ್ತಿದರೆ ಹಿಂದಿನಿಂದ ತುಂಬುತ್ತದಾ ಅಂತ ಗೊತ್ತಾಗೋಕೆ ಗಂಟೆಗಟ್ಟಲೆ ಮೋಟಾರ್ ಓಡಿಸಿ, ನೀರಿನ ಮಟ್ಟ ಎಷ್ಟು ಇಳಿಯಿತು, ನಿಲ್ಲಿಸಿದ ಮೇಲೆ ಎಷ್ಟು ಹೊತ್ತಿಗೆ ಏರಿತು ಅಂತ ಬರೆದುಕೊಳ್ಳಬೇಕು. ಸಾಲ ಮಾಡುವ ಮೊದಲು ಇದನ್ನು ಮಾಡಿಸಿ. ದಯವಿಟ್ಟು ಮಾಡಿಸಿ.

ಹೊಲದ ಹುಡುಗ, ಜಗಳೂರು

ನನಗೆ ಮಳೆ ಅಳತೆ ಮೇಲೆ ಸಿಟ್ಟು ಇದೆ. ಹವಾಮಾನ ಇಲಾಖೆ ಲೆಕ್ಕದಲ್ಲಿ ವಾಡಿಕೆಗಿಂತ ನೂರಕ್ಕೆ 19 ಕಡಿಮೆ ಆದರೂ "ಸಾಮಾನ್ಯ" ಮಳೆ. 20ರಿಂದ 59 ಕಡಿಮೆ ಆದರೆ "ಕೊರತೆ". 60 ದಾಟಿದರೆ "ಭಾರೀ ಕೊರತೆ". ಮೃಗಶಿರಕ್ಕೆ ಬಿತ್ತಿದೆವು ಅನ್ನಿ. ಆರಿದ್ರ ಹೋಯಿತು, ಪುನರ್ವಸು ಹೋಯಿತು, ಹನಿ ಬೀಳಲಿಲ್ಲ. ಮೆಕ್ಕೆಜೋಳ ಮೊಣಕಾಲುದ್ದಕ್ಕೆ ಸುರುಳಿ ಸುತ್ತಿತು. ಆಮೇಲೆ ಹುಬ್ಬ ಮಳೆ ಒಂದು ರಾತ್ರಿ ಸುರಿದು ಬದು ಕಿತ್ತುಕೊಂಡು ಹೋಯಿತು. ಸೀಸನ್ ಕೊನೆಗೆ ಕೂಡಿಸಿದರೆ "ಸಾಮಾನ್ಯ" ಅಂತ ಬರುತ್ತದೆ. ನಮ್ಮ ಹೊಲದಲ್ಲಿ ಮಾತ್ರ ಬೆಳೆ ಇಲ್ಲ.

ನಮ್ಮಜ್ಜ ಎಂದೂ ಮಿಲಿಮೀಟರ್ ಅಂದವರಲ್ಲ. ಹೊಲದಲ್ಲಿ ಗುದ್ದಲಿ ಹಾಕಿ, ಹಸಿ ಎಷ್ಟು ಬೆರಳು ಇಳಿದಿದೆ ಅಂತ ನೋಡಿ ಹದ ಆಯಿತೋ ಇಲ್ಲವೋ ಹೇಳುತ್ತಿದ್ದರು.

ಭೂಗೋಳ ಮೇಷ್ಟ್ರು, ದಾವಣಗೆರೆ

ನಿಮ್ಮಜ್ಜ ಅಳೆದದ್ದು ಮಣ್ಣಿನ ತೇವ. ಫಾಲ್ಕನ್‌ಮಾರ್ಕ್ ಅವರೇ ಮುಂದೆ ಅದಕ್ಕೆ "ಹಸಿರು ನೀರು" ಅಂತ ಹೆಸರಿಟ್ಟರು. ನದಿ, ಕೆರೆ, ಅಂತರ್ಜಲದ್ದು "ನೀಲಿ ನೀರು". 1,700ರ ಲೆಕ್ಕದಲ್ಲಿ ನೀಲಿ ಮಾತ್ರ ಇದೆ. ಮಳೆ ನಂಬಿ ಶೇಂಗಾ, ಸಜ್ಜೆ, ರಾಗಿ ಬೆಳೆಯುವ ನಮ್ಮ ಕಡೆಯ ಅರ್ಧ ಬದುಕು ಆ ಲೆಕ್ಕದಿಂದ ಹೊರಗೇ ಉಳಿಯಿತು.

ಬರ ಘೋಷಣೆಯ ನಿಯಮ ಸ್ವಲ್ಪ ಬದಲಾಗಿದೆ. ಕೇಂದ್ರದ 2016ರ ಬರ ಕೈಪಿಡಿಯಲ್ಲಿ ಒಟ್ಟು ಮಳೆ ಒಂದೇ ಸಾಲದು. ಮೂರು ನಾಲ್ಕು ವಾರ ಸತತವಾಗಿ ವಾಡಿಕೆಯ ಅರ್ಧಕ್ಕಿಂತ ಕಡಿಮೆ ಬಿದ್ದರೆ ಒಣ ಅವಧಿ ಅಂತ ಹಿಡಿಯುತ್ತಾರೆ. ಆಮೇಲೆ ಬಿತ್ತನೆ ಪ್ರದೇಶ, ಉಪಗ್ರಹದಲ್ಲಿ ಕಾಣುವ ಹಸಿರು, ಮಣ್ಣಿನ ತೇವ, ಜಲಾಶಯ ಮತ್ತು ಅಂತರ್ಜಲ ನೋಡುತ್ತಾರೆ. ಕೊನೆಗೆ ನೂರಕ್ಕೆ ಹತ್ತು ಹಳ್ಳಿ ಆರಿಸಿ ಹೊಲಕ್ಕೆ ಹೋಗಿ ಬೆಳೆ ನಷ್ಟ ಪರೀಕ್ಷೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆದದ್ದು ಹೀಗೆ.

ಹೊಲದ ಹುಡುಗ, ಜಗಳೂರು

ಹಾಗಿದ್ದರೂ ಪರಿಹಾರ ತಾಲ್ಲೂಕಿಗೆ ಕಟ್ಟಿದ್ದು. ಒಂದು ಹೋಬಳಿಗೆ ಮಳೆ ಬಿದ್ದು ಪಕ್ಕದ ಹೋಬಳಿಗೆ ಬೀಳದಿದ್ದರೆ? ರಾಜ್ಯದ ವಿಕೋಪ ನಿಗಾ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದೆ. ಅಷ್ಟು ಹತ್ತಿರದಿಂದ ಅಳೆದು, ಕೊನೆಗೆ ತಾಲ್ಲೂಕಿಗೆ ಕೂಡಿಸಿ ಸರಾಸರಿ ಮಾಡುವುದು ಯಾಕೆ?

ಇನ್ನೊಂದು ಲೆಕ್ಕ ಇಡುತ್ತೇನೆ, ಮಲೇಬೆನ್ನೂರಿನವರು ಬೇಜಾರು ಮಾಡಿಕೊಳ್ಳಬಾರದು. ಒಂದು ಎಕರೆ ಭತ್ತಕ್ಕೆ 1,200 ಮಿಲಿಮೀಟರ್ ನೀರು ಅಂತ ಹಿಡಿದರೆ ಸುಮಾರು 49 ಲಕ್ಷ ಲೀಟರ್. ಜಲ ಜೀವನ್ ಮಿಷನ್ನಿನಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್, ವರ್ಷಕ್ಕೆ ಸುಮಾರು 20,000. ಒಂದು ಎಕರೆಯ ಒಂದು ಬೆಳೆ 240 ಜನರ ಇಡೀ ವರ್ಷದ ಮನೆ ನೀರು.

ನಾಲೆ ಕೊನೆ, ಮಲೇಬೆನ್ನೂರು

ಬೇಜಾರಿಲ್ಲ ತಮ್ಮಾ, ಲೆಕ್ಕ ಸರಿಯಾಗಿದೆ. ಆದರೆ ಆ ಅಕ್ಕಿಯನ್ನು ನಾವು ಒಬ್ಬರೇ ಉಣ್ಣುವುದಿಲ್ಲ. ನಮ್ಮ ಕೆಳಗದ್ದೆಗಳಲ್ಲಿ ನೀರು ನಿಂತು ಜವಳು ಹಿಡಿದಿದೆ, ಅಲ್ಲಿ ಭತ್ತ ಬಿಟ್ಟು ಬೇರೆ ಬರುವುದು ಕಷ್ಟ. ಅಡಿಕೆ ಹಾಕಿದವರ ತೋಟಕ್ಕೂ ಬೇಸಿಗೆಯಲ್ಲಿ ನೀರು ಬೇಕು. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ನೀರಗಂಟಿ ಮೊಮ್ಮಗಳು

ಇಬ್ಬರ ಮಾತಿಗೂ ಒಂದು ಸೇರಿಸುತ್ತೇನೆ. ಗದ್ದೆಗೆ ಬಿಟ್ಟ 49 ಲಕ್ಷ ಲೀಟರ್ ಪೂರ್ತಿ ಖರ್ಚಾಗುವುದಿಲ್ಲ. ಒಂದು ಪಾಲು ಇಂಗಿ ಬಾವಿಗೆ, ಹಳ್ಳಕ್ಕೆ, ಹೊಳೆಗೆ ಮರಳುತ್ತದೆ. ಎತ್ತಿದ್ದು ಬೇರೆ, ಆವಿಯಾಗಿ ಕಳೆದುಹೋದದ್ದು ಬೇರೆ. ಕೊರತೆಯ ಎಷ್ಟೋ ಅಂಕಿಗಳು ಇವೆರಡನ್ನು ಬೆರೆಸುತ್ತವೆ. ಕೊಳವೆಬಾವಿ ನೀರು ಹನಿ ನೀರಾವರಿಯಲ್ಲಿ ಹೋದರೆ ಮರಳುವುದು ತೀರಾ ಕಡಿಮೆ. ಅಲ್ಲಿ ಉಳಿತಾಯ ಆದ ನೀರಿನಲ್ಲಿ ಇನ್ನೆರಡು ಎಕರೆ ದಾಳಿಂಬೆ ಹಾಕಿದರೆ ನೆಲದೊಳಗಿನ ಲೆಕ್ಕ ಮೊದಲಿಗಿಂತ ಕೆಡುತ್ತದೆ. ಇದು ಹಿರಿಯೂರು, ಹೊಸದುರ್ಗ ಎರಡೂ ಕಡೆ ಮುಕ್ತವಾಗಿ ಚರ್ಚೆ ಆಗಲೇಬೇಕು.

ಅಂಗನವಾಡಿ ಟೀಚರ್, ಮೊಳಕಾಲ್ಮೂರು

ಬೆಳಗಿನಿಂದ ಓದುತ್ತಿದ್ದೇನೆ. ಟಿಎಂಸಿ, ಇಂಚು, ಎಕರೆ ಎಲ್ಲ ಬಂತು. ಕೊಡ ಹೊತ್ತವರು ಎಲ್ಲಿಯೂ ಬರಲಿಲ್ಲ.

ನಲ್ಲಿಯಲ್ಲಿ 55 ಲೀಟರ್ ಬಂತು ಅನ್ನಿ. ಯಾವಾಗ ಬಂತು? ರಾತ್ರಿ ಎರಡಕ್ಕೆ ಬಿಟ್ಟರೆ ಮನೆಯಲ್ಲಿ ಎದ್ದು ಕೂರುವವರು ಯಾರು? ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಲೆಕ್ಕದಲ್ಲಿ ಹೋಗಿ, ಸಾಲಿನಲ್ಲಿ ನಿಂತು, ವಾಪಸ್ ಬರೋಕೆ 30 ನಿಮಿಷ ಮೀರಿದರೆ ಅದನ್ನು ಮೂಲ ಸೌಲಭ್ಯ ಅಂತ ಒಪ್ಪುವುದಿಲ್ಲ. ಸಾಲಿನ ಹೊತ್ತೂ ಸೇರಿ. ಆ ಒಂದು ನಿಯಮ ಮಾಡಿದವರು ಸಾಲಿನಲ್ಲಿ ನಿಂತ ಹೆಂಗಸರ ಮಾತು ಕೇಳಿದ್ದಾರೆ ಅನ್ನಿಸಿತು.

2019ರಲ್ಲಿ ಇನ್ನೊಂದು ಅಳತೆ ಬಂದಿದೆ. ಹನ್ನೆರಡು ಪ್ರಶ್ನೆ, ಹಿಂದಿನ ನಾಲ್ಕು ವಾರದ ಬಗ್ಗೆ. ನೀರು ಸಾಲದು ಅಂತ ಚಿಂತೆ ಆಯಿತಾ? ಬಟ್ಟೆ ಒಗೆಯೋಕೆ ಆಗಲಿಲ್ಲವಾ? ಅಡುಗೆ ಬದಲಾಯಿಸಬೇಕಾಯಿತಾ? ಕೈ ತೊಳೆಯೋಕೆ ಆಗದೆ ಹೋಯಿತಾ? ಬಾಯಾರಿಕೆಯಲ್ಲೇ ಮಲಗಿದಿರಾ? ನಾಚಿಕೆ ಆಯಿತಾ? ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರು ಅಂಕ, ಒಟ್ಟು 36. 12 ಮುಟ್ಟಿದರೆ ಆ ಮನೆಗೆ ನೀರಿನ ಭದ್ರತೆ ಇಲ್ಲ. ಇದನ್ನು ತಾಯಂದಿರ ಸಭೆಯಲ್ಲಿ ಬಾಯಿಮಾತಿನಲ್ಲಿ ಕೇಳಿದೆ. ನಾಚಿಕೆಯ ಪ್ರಶ್ನೆಗೆ ಮೊದಲು ಎಲ್ಲರೂ ಸುಮ್ಮನಾದರು. ಆಮೇಲೆ ಒಬ್ಬರು, ನೆಂಟರು ಬರುತ್ತೇವೆ ಅಂದಾಗ ಬೇಡ ಅಂತ ಹೇಳಿದ್ದನ್ನು ಹೇಳಿದರು. ಅದು ಯಾವ ಮಳೆಮಾಪಕದಲ್ಲೂ ಸಿಗುವುದಿಲ್ಲ.

ಇನ್ನು ಫ್ಲೋರೈಡ್. ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ದಾರಿ ಇಲ್ಲದಿದ್ದರೆ 1.5ರ ವರೆಗೆ. ನಮ್ಮ ಆಳದ ಬೋರುಗಳಲ್ಲಿ ಎಷ್ಟೋ ಕಡೆ ಅದು ಮೀರಿದೆ. ಮಕ್ಕಳ ಹಲ್ಲಿನ ಮೇಲಿನ ಕಂದು ಗೆರೆ ನಾನು ದಿನಾ ನೋಡುತ್ತೇನೆ. ಆ ಬೋರಿನ ನೀರನ್ನು ಲಭ್ಯ ನೀರು ಅಂತ ಎಣಿಸಬೇಡಿ.

ಕೋಟೆ ಸುತ್ತುವವನು, ಚಿತ್ರದುರ್ಗ

ಟೀಚರ್ ಮಾತಿನ ಮೇಲೆ ಹೇಳೋಕೆ ಹೆಚ್ಚಿಲ್ಲ. ಕೋಟೆಯ ಮೇಲೆ ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿಯರ ಹೊಂಡ, ಕೆಳಗೆ ಸಿಹಿನೀರು ಹೊಂಡ, ಸಂತೆ ಹೊಂಡ. ಒಂದು ತುಂಬಿದ ಮೇಲೆ ನೀರು ಕೆಳಗಿನದಕ್ಕೆ ಇಳಿಯುವಂತೆ ಮಾಡಿದ್ದಾರೆ. ಎಷ್ಟನೇ ಹೊಂಡಕ್ಕೆ ನೀರು ಬಂತು ಅಂತ ನೋಡಿದರೆ ವರ್ಷ ಹೇಗಿದೆ ಅಂತ ಊರಿಗೆ ಗೊತ್ತಾಗುತ್ತಿತ್ತು.

ವೇದಾವತಿ ದಂಡೆ, ಹಿರಿಯೂರು

ಹಾಗಾದರೆ ನಾವು ಏನು ಕೇಳಬೇಕು? ಎಲ್ಲ ಅಳತೆಯೂ ದೆಹಲಿಯಲ್ಲೋ ಬೆಂಗಳೂರಲ್ಲೋ ಕೂಡಿಸಿ ಬರುತ್ತವೆ.

ನೀರಗಂಟಿ ಮೊಮ್ಮಗಳು

ಎಲ್ಲವೂ ಅಲ್ಲ. ಕೇಂದ್ರದ ಅಂತರ್ಜಲ ಯೋಜನೆಯಾದ ಅಟಲ್ ಭೂಜಲ ಯೋಜನೆ ನಮ್ಮ ಎರಡೂ ಜಿಲ್ಲೆಗಳ ಪಂಚಾಯಿತಿಗಳಲ್ಲಿ ನಡೆದಿದೆ. ಅದರಲ್ಲಿ ಗ್ರಾಮ ಪಂಚಾಯಿತಿಗೆ ನೀರಿನ ಬಜೆಟ್ ಮಾಡಬೇಕಿತ್ತು. ಎಷ್ಟು ಮಳೆ ಬಿತ್ತು, ಎಷ್ಟು ಇಂಗಿತು, ಯಾವ ಬೆಳೆಗೆ ಎಷ್ಟು ಎತ್ತಿದೆವು ಅಂತ. ನಿಮ್ಮ ಪಂಚಾಯಿತಿಯಲ್ಲಿ ಮಾಡಿದ್ದರೆ ಗ್ರಾಮಸಭೆಯಲ್ಲಿ ಅದನ್ನು ಓದಿಸಿ. ಅಂಕಿ ಪಂಚಾಯಿತಿಯದ್ದು ಆದ್ದರಿಂದ ನಿಮ್ಮ ಊರಿನ ಕೆರೆ, ನಿಮ್ಮ ಊರಿನ ಬೋರು ಅದರಲ್ಲಿ ಕಾಣುತ್ತದೆ. ತಾಲ್ಲೂಕಿನ ಸರಾಸರಿ ಒಳಗೆ ಅಡಗುವುದಿಲ್ಲ. ನಾನು ಇಷ್ಟು ವರ್ಷದ ಕೆಲಸದಲ್ಲಿ ನಂಬಿರುವುದು ಇದೊಂದನ್ನೇ. ಗಡಿ ಸಣ್ಣದಾದಷ್ಟೂ, ಅವಧಿ ಸಣ್ಣದಾದಷ್ಟೂ ಕೊರತೆ ಕಣ್ಣಿಗೆ ಬೀಳುತ್ತದೆ. ಮೆಕೊನೆನ್ ಮತ್ತು ಹುಕ್‌ಸ್ಟ್ರಾ ಅನ್ನುವ ಸಂಶೋಧಕರು 2016ರಲ್ಲಿ ವರ್ಷದ ಬದಲು ತಿಂಗಳ ಲೆಕ್ಕ ಹಾಕಿದಾಗ, ವರ್ಷದಲ್ಲಿ ಒಂದು ತಿಂಗಳಾದರೂ ತೀವ್ರ ಕೊರತೆ ಅನುಭವಿಸುವವರು ಜಗತ್ತಿನಲ್ಲಿ 400 ಕೋಟಿ ಜನ ಅಂತ ಬಂತು. ವರ್ಷದ ಸರಾಸರಿ ನೋಡಿದ ಹಿಂದಿನ ಅಂದಾಜುಗಳು ಅದಕ್ಕಿಂತ ಎಷ್ಟೋ ಕಡಿಮೆ ಇದ್ದವು.

ನಿಗಾ ಬಾವಿಗಳ ಮಟ್ಟವನ್ನು ಕೇಂದ್ರ ಅಂತರ್ಜಲ ಮಂಡಳಿ ವರ್ಷಕ್ಕೆ ನಾಲ್ಕು ಸಲ ಅಳೆಯುತ್ತದೆ. ಮುಂಗಾರಿಗೆ ಮೊದಲಿನದ್ದು ಮತ್ತು ನವೆಂಬರಿನದ್ದು ನಮಗೆ ಮುಖ್ಯ. ಎರಡರ ನಡುವಿನ ಏರಿಕೆಯೇ ಆ ವರ್ಷ ಇಂಗಿದ ನೀರಿನ ಗುರುತು.

ಭೂಗೋಳ ಮೇಷ್ಟ್ರು, ದಾವಣಗೆರೆ

ಹಾಗಾದರೆ ಹೀಗೆ ಮಾಡೋಣ. ಸರ್ಕಾರಿ ಅಳತೆ ಸಿಕ್ಕವರು ಇಲ್ಲೇ ಹಾಕಿ. ಸಿಗದವರು ಊರಿನ ಯಾವುದಾದರೂ ತೆರೆದ ಬಾವಿಗೆ ಟೇಪು ಬಿಟ್ಟು ಅಳೆಯಿರಿ. ಮೋಟಾರ್ ನಿಲ್ಲಿಸಿ ರಾತ್ರಿ ಕಳೆದ ಮೇಲೆ, ಬೆಳಗ್ಗೆ. ಊರಿನ ಹೆಸರು, ತಾರೀಖು, ಬಾವಿಯೋ ಬೋರೋ, ನೆಲದಿಂದ ನೀರಿಗೆ ಎಷ್ಟು ಮೀಟರ್. ಮೊಳಕಾಲ್ಮೂರು ಟೀಚರ್, ಆ ಹನ್ನೆರಡು ಪ್ರಶ್ನೆಗಳನ್ನು ಕನ್ನಡದಲ್ಲಿ ಪೂರ್ತಿ ಬರೆದು ಹಾಕುತ್ತೀರಾ? ನಮ್ಮ ಮಕ್ಕಳು ತಮ್ಮ ಮನೆಯಲ್ಲಿ ಕೇಳಿಕೊಂಡು ಬರುತ್ತಾರೆ.

ಅಂಗನವಾಡಿ ಟೀಚರ್, ಮೊಳಕಾಲ್ಮೂರು

ಹಾಕುತ್ತೇನೆ. ಅಮ್ಮನನ್ನು ಕೇಳಿ ಬರೆಯಲಿ. ಅಪ್ಪನನ್ನು ಮಾತ್ರ ಕೇಳಿದರೆ ಅರ್ಧ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.